ಗೀಸರ್ ತೊಟ್ಟಿಕ್ಕುತ್ತಿದ್ದರೆ: ವಾಲ್ವೋ, ಟ್ಯಾಂಕೋ?

ಗೀಸರ್ ತೊಟ್ಟಿಕ್ಕುತ್ತಿದ್ದರೆ ಎಂಸಿಬಿ (ವಿದ್ಯುತ್ ಬೋರ್ಡಿನಲ್ಲಿರುವ ಅದರ ಸುರಕ್ಷತಾ ಸ್ವಿಚ್) ಆರಿಸಿ, ಕೆಳಗಿನ ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ, ಎರಡೂ ಪೈಪುಗಳಿಗೆ ಮತ್ತು ಒತ್ತಡ ಹೆಚ್ಚಿದಾಗ ನೀರನ್ನು ಹೊರಬಿಡುವ ಸೇಫ್ಟಿ ವಾಲ್ವಿನ ಬಾಯಿಗೆ ಪೇಪರಿನ ಪಟ್ಟಿಗಳನ್ನು ಸಡಿಲವಾಗಿ ಸುತ್ತಿ, ಗೀಸರ್ ತಣ್ಣಗಿರುವಾಗ ಒಮ್ಮೆ, ಕಾಯಿಸಿ ಮತ್ತೆ ಆರಿಸಿದ ಮೇಲೆ ಒಮ್ಮೆ ಪರಿಶೀಲಿಸಿ. ಕಾದ ನೀರು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಹೀಗೆ ಹೆಚ್ಚುವ ನೀರು ಅರ್ಧ ಲೀಟರಿಗೆ ತುಸು ಕಡಿಮೆ, ಅದು ಈ ವಾಲ್ವಿನಿಂದ ಹೊರಬೀಳುತ್ತದೆ. ಆದ್ದರಿಂದ ಕಾಯುವಾಗ ಮಾತ್ರ ವಾಲ್ವಿನ ಪಟ್ಟಿ ಒದ್ದೆಯಾದರೆ ಅದು ದೋಷವಲ್ಲ, ಮತ್ತು ಆ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ತಣ್ಣಗಿದ್ದಾಗಲೂ ಒದ್ದೆಯಾದರೆ ವಾಲ್ವಿನೊಳಗೆ ಸುಣ್ಣ ಕಟ್ಟಿರಬಹುದು, ಇಲ್ಲವೇ ಪ್ರೆಶರ್ ಪಂಪಿನ ಒತ್ತಡ ಹೆಚ್ಚಿರಬಹುದು. ತಾರಸಿಯ ಟಾಕಿ 10 ಮೀಟರ್ ಎತ್ತರದಲ್ಲಿದ್ದರೂ ಬರುವ ಒತ್ತಡ ಸುಮಾರು 1 ಬಾರ್ (ಒತ್ತಡದ ಅಳತೆ) ಮಾತ್ರವಾದ್ದರಿಂದ, ಪಂಪಿಲ್ಲದ ಮನೆಯಲ್ಲಿ ಒತ್ತಡವನ್ನು ದೂರುವುದು ವ್ಯರ್ಥ. ಪಟ್ಟಿಗಳೆಲ್ಲ ಒಣಗಿದ್ದೂ ತಳದ ಮುಚ್ಚಳದಿಂದ ನೀರು ಇಳಿದರೆ ಗ್ಯಾಸ್ಕೆಟ್ (ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ) ಅಥವಾ ಒಳಟ್ಯಾಂಕು ಹೋಗಿದೆ ಎಂದು ತಿಳಿದು, ಮತ್ತೆ ಸ್ವಿಚ್ ಹಾಕದೆ ಮೆಕ್ಯಾನಿಕನನ್ನು ಕರೆಸಿ. ಕಾರವಾರ, ಅಂಕೋಲಾ ಕಡೆಯ ಮಳೆಗಾಲದಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ: ತಣ್ಣೀರಿನ ಪೈಪು ತಾನಾಗಿಯೇ ಬೆವರಿ, ಸೋರಿಕೆಯಿಲ್ಲದೆಯೂ ಪೇಪರನ್ನು ನೆನೆಸುತ್ತದೆ.