ಪಟ್ಟಿ ಪರೇಡ್‌ಗೆ ಮೂರೇ ನಿಮಿಷ: ಖಡಕ್‌ವಾಸ್ಲಾದಲ್ಲಿ ನನ್ನ ಮೊದಲ ಟರ್ಮ್

ಅಣ್ಣನ ಮಗಳು ಈಗ ಎನ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಎನ್‌ಡಿಎ ಅಂದರೆ ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಮೂರೂ ಸೇನೆಗಳಿಗೆ ಅಧಿಕಾರಿಗಳಾಗುವವರನ್ನು ತಯಾರು ಮಾಡುವ ಜಾಗ. 2022ರಿಂದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ, ಮೊದಲ ಬ್ಯಾಚಿನ 17 ಮಂದಿ 2025ರ ಮೇ ತಿಂಗಳಲ್ಲಿ ಪಾಸಾಗಿ ಹೊರಬಂದರು. 'ಚಿಕ್ಕಪ್ಪಾ, ಅಲ್ಲಿ ಮೊದಲ ಆರು ತಿಂಗಳು ಹೆಂಗ ಕಳದ್ರಿ?' ಅಂತ ಅವಳು ಕೇಳುತ್ತಲೇ ಇರುತ್ತಾಳೆ. ನನ್ನ ಕಾಲದ್ದು ಹಳೇ ಕಥೆ, ಈಗ ಎಷ್ಟೋ ಬದಲಾಗಿರುತ್ತದೆ. ಆದರೂ ಬರೆಯುತ್ತೇನೆ.

ನಾನು ಹಾವೇರಿ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸೇನೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿ ಎಸ್‌ಎಸ್‌ಬಿಯ ಐದು ದಿನದ ಇಂಟರ್‌ವ್ಯೂ, ಮೆಡಿಕಲ್ ಎಲ್ಲ ಮುಗಿಸಿ ಪುಣೆಗೆ ರೈಲು ಹತ್ತಿದಾಗ ನನಗೆ ಇಂಗ್ಲಿಷಿನದೇ ಹೆದರಿಕೆ. ಅಲ್ಲಿ ಹೋಗಿ ನೋಡಿದರೆ ಪಟಪಟ ಇಂಗ್ಲಿಷ್ ಮಾತಾಡುವವರೂ ನನ್ನಷ್ಟೇ ಕಕ್ಕಾಬಿಕ್ಕಿ. ಸೀನಿಯರ್ ಬಂದು 'ಬಜರಿ ಆರ್ಡರ್, ಫಾಲ್ ಇನ್!' ಅಂದರೆ ಏನು ಮಾಡಬೇಕು? ಬೆನ್ನಿನ ಪ್ಯಾಕಿಗೆ ಜಲ್ಲಿ ತುಂಬಿಕೊಂಡು ಓಡಿ ಬಂದು ಸಾಲಿನಲ್ಲಿ ನಿಲ್ಲಬೇಕು. ಇದನ್ನು ಯಾವ ಸ್ಕೂಲಿನಲ್ಲೂ ಹೇಳಿಕೊಡಲ್ಲ.

ಒಟ್ಟು ಮೂರು ವರ್ಷ, ಆರು ಟರ್ಮ್. ಹೋದ ಕೂಡಲೇ ಒಂದು ಸ್ಕ್ವಾಡ್ರನ್‌ಗೆ, ಅಂದರೆ ಒಟ್ಟಿಗೆ ಇರುವ ಕೆಡೆಟ್‌ಗಳ ಒಂದು ತಂಡಕ್ಕೆ, ಹಾಕುತ್ತಾರೆ. ಹೆಸರೆಲ್ಲ ಸೇನೆಯ ರೇಡಿಯೋದಲ್ಲಿ ಎ, ಬಿ, ಸಿ ಹೇಳುವ ಹಾಗೆ ಆಲ್ಫಾ, ಬ್ರಾವೋ, ಚಾರ್ಲಿ ಅಂತ ಸಾಗುತ್ತವೆ, ಹಂಟರ್ ಮತ್ತು ಪ್ಯಾಂಥರ್ ಮಾತ್ರ ಆ ಸಾಲಿಗೆ ಹೊರತು. ಇರುವ ಕೋಣೆಗೆ ಕ್ಯಾಬಿನ್ ಅನ್ನಬೇಕು. ಡ್ರಿಲ್ ಕಲಿಸುವವರು ಉಸ್ತಾದ್. ನಿನಗಿಂತ ಒಂದೇ ಒಂದು ಟರ್ಮ್ ಮುಂದಿದ್ದರೂ ಸರ್. ಜೊತೆಗೆ ಸೇರಿದವರೆಲ್ಲ ಕೋರ್ಸ್‌ಮೇಟ್, ಬೇರೆ ಸ್ಕ್ವಾಡ್ರನ್‌ನಲ್ಲಿದ್ದರೂ ಅಷ್ಟೇ. ಈ ಕೊನೆಯದನ್ನು ಬೇಗ ತಿಳಿದುಕೊಂಡವನು ಬದುಕಿದ. ಒಬ್ಬನೇ ಚುರುಕಾಗಿದ್ದು ಏನೂ ಪ್ರಯೋಜನ ಇಲ್ಲ, ಯಾಕಂದ್ರೆ ಒಬ್ಬ ತಡವಾದರೆ ಎಲ್ಲರಿಗೂ ರಗಡಾ. ರಗಡಾ ಅಂದರೆ ಬಸ್ಕಿ, ಫ್ರಂಟ್ ರೋಲ್ (ಮುಂದಕ್ಕೆ ಲಾಗ), ಓಟ, ಮತ್ತೆ ಫ್ರಂಟ್ ರೋಲ್.

ಸೀನಿಯರ್‌ಗಳ ಪ್ರಶ್ನೆಗೆ ಹೊತ್ತು ಗೊತ್ತು ಇಲ್ಲ. ಅಕಾಡೆಮಿಗೆ ಅಡಿಗಲ್ಲು ಹಾಕಿದ್ದು ಯಾವಾಗ? 1949ರ ಅಕ್ಟೋಬರ್ 6, ನೆಹರೂ ಅವರು, ಸರ್. ಅಕಾಡೆಮಿಯ ಮುಖ್ಯ ಕಟ್ಟಡ ಸುಡಾನ್ ಬ್ಲಾಕ್‌ಗೆ ಆ ಹೆಸರು ಯಾಕೆ? ಎರಡನೇ ಮಹಾಯುದ್ಧದಲ್ಲಿ ಸುಡಾನ್ ಕಾಯಲು ಹೋಗಿ ಸತ್ತ ಭಾರತೀಯ ಸೈನಿಕರ ನೆನಪಿಗೆ ಅಲ್ಲಿನ ಸರ್ಕಾರ ಒಂದು ಲಕ್ಷ ಪೌಂಡ್ ಕೊಟ್ಟಿತ್ತು, ಸರ್. ಪರೇಡ್ ಗ್ರೌಂಡ್ ಯಾರ ಹೆಸರಿನಲ್ಲಿದೆ? ಅರುಣ್ ಖೇತ್ರಪಾಲ್, 1971ರ ಬಸಂತರ್ ಯುದ್ಧ, ಪರಮವೀರ ಚಕ್ರ, ಸರ್. ಆಗ ಅವರಿಗೆ 21 ವರ್ಷ. ಬಾಯಿಪಾಠ ಮಾಡಿದ್ದೆ ನಿಜ. ಆದರೆ ಇನ್ನೆರಡು ಮೂರು ವರ್ಷಕ್ಕೆ ನಾನೂ ಆ ವಯಸ್ಸಿನವನು ಅಂತ ಹೊಳೆದ ದಿನ ಆ ಉತ್ತರವನ್ನು ಸುಮ್ನೆ ಗಿಳಿಯ ಹಾಗೆ ಒಪ್ಪಿಸೋಕೆ ಆಗಲಿಲ್ಲ.

ಇನ್ನೊಂದು ಖಾಯಂ ಪ್ರಶ್ನೆ, 'ಡಿಎಲ್‌ಟಿಜಿಎಚ್ ಎಷ್ಟು?' ಮನೆಗೆ ಹೋಗೋಕೆ ಇನ್ನೆಷ್ಟು ದಿನ ಬಾಕಿ ಅಂತ. ಅದರ ಲೆಕ್ಕ ಇಡೋದು ನಮ್ಮ ಕೆಲಸ. ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲ್‌ನಲ್ಲಿ ಬರೆದಿಟ್ಟು ಬೆಳಿಗ್ಗೆ ಎದ್ದ ತಕ್ಷಣ ತಿದ್ದುತ್ತಿದ್ದೆ. ಸೀನಿಯರ್‌ಗೂ ಮನೆಯ ನೆನಪೇ ಅಲ್ವಾ!

ಈಗ ಪಟ್ಟಿ ಪರೇಡ್‌ಗೆ ಬರೋಣ. ಮೊದಲೆಲ್ಲ ಸಿಪಾಯಿಗಳು ಪಾದದ ಗಂಟಿನಿಂದ ಮೊಣಕಾಲವರೆಗೆ ಉದ್ದನೆಯ ಬಟ್ಟೆಪಟ್ಟಿ ಸುತ್ತಿಕೊಳ್ಳುತ್ತಿದ್ದರು, ಅದರಿಂದ ಬಂದ ಹೆಸರು. ಪಟ್ಟಿ ಹೋಯಿತು, ಪರೇಡ್ ಉಳಿಯಿತು. ಪಿಟಿ ಡ್ರೆಸ್‌ನಲ್ಲಿ ಸಾಲಾಗಿ ನಿಂತಿರುತ್ತೇವೆ. 'ಮೂರು ನಿಮಿಷ, ಮಫ್ತಿ!' ಅಂದ ಕೂಡಲೇ ಮೆಟ್ಟಿಲು ಹತ್ತಿ ಕ್ಯಾಬಿನ್‌ಗೆ ಓಡಿ, ಬಿಳಿ ಶರ್ಟು, ಪ್ಯಾಂಟು, ಟೈ ಹಾಕಿ ವಾಪಸ್ ಬಂದು ನಿಲ್ಲಬೇಕು. ಒಬ್ಬನ ಕಾಲರ್ ಗುಂಡಿ ಬಿಟ್ಟಿದ್ದರೂ, 'ಮೂರು ನಿಮಿಷ, ಡ್ರಿಲ್ ಡ್ರೆಸ್!' ಹೀಗೇ ನಡೆಯುತ್ತಾ ಇರುತ್ತದೆ. ಎಲ್ಲ ಮುಗಿದ ಮೇಲೆ ಕ್ಯಾಬಿನ್ ಸಂತೆ ಮುಗಿದ ಬಯಲಿನ ಹಾಗಿರುತ್ತದೆ. ಅಷ್ಟೊತ್ತಿಗೆ ಕ್ಯಾಬಿನ್ ಇನ್ಸ್‌ಪೆಕ್ಷನ್ ಅಂತ ಬರುತ್ತಾರೆ.

ನಾವು ಕಂಡುಕೊಂಡ ದಾರಿ ಇದು. ಟೈ ಗಂಟು ಬಿಚ್ಚಲೇಬಾರದು. ಸಡಿಲ ಮಾಡಿ, ತಲೆ ಮೇಲಿಂದ ತೆಗೆದು, ಹಾಗೇ ಮೊಳೆಗೆ ನೇತುಹಾಕಬೇಕು. ಶರ್ಟಿನ ಮೇಲಿನ ಎರಡು ಗುಂಡಿ ಬಿಟ್ಟು ಉಳಿದದ್ದೆಲ್ಲ ಹಾಕಿಯೇ ಇಡಬೇಕು, ಬನಿಯನ್ ಹಾಗೆ ತೊಡಬಹುದು. ಪಿಟಿ ಚಡ್ಡಿ ಮೇಲೇ ಪ್ಯಾಂಟು. ಬಿಚ್ಚಿದ ಬಟ್ಟೆ ನೆಲಕ್ಕೆ ಬೀಳಬಾರದು, ಹಾಸಿಗೆ ಮೇಲೆ ಹಾಕುವ ಕ್ರಮದಲ್ಲೇ ಬೀಳಬೇಕು. ಡ್ರಿಲ್ ಬೂಟಿನ ಲೇಸು ಮಾತ್ರ ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ. ಪಕ್ಕದ ಕ್ಯಾಬಿನ್‌ನ ಬಿಹಾರದ ಹುಡುಗ ನನ್ನ ಎಡಗಾಲಿನದು ಕಟ್ಟುತ್ತಿದ್ದ, ನಾನು ಬಲಗಾಲಿನದು. ಆಮೇಲೆ ಇಬ್ಬರೂ ಸೇರಿ ಅವನದು. ಅವನ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಹಿಂದಿ ಅವನಿಗೆ ಅದೂ ಇಲ್ಲ. ಲೇಸು ಕಟ್ಟೋಕೆ ಯಾವ ಭಾಷೆ ಬೇಕು?

ಓಡಾಟಕ್ಕೆ ಸೈಕಲ್. ಒಬ್ಬೊಬ್ಬರೇ ಹೋಗುವಂತಿಲ್ಲ, ಸ್ಕ್ವಾಡ್ ಕಟ್ಟಿಕೊಂಡೇ ಹೋಗಬೇಕು. ಪಂಕ್ಚರ್ ಆದರೆ ಸೈಕಲ್ ಹೆಗಲಿಗೆ, ನೀನು ಓಟಕ್ಕೆ. ಹಾಗಾಗಿ ರಾತ್ರಿ ಮಲಗುವ ಮುಂಚೆ ಟೈರು ಒತ್ತಿ ನೋಡುವ ಅಭ್ಯಾಸ ಆಯಿತು. ಕ್ಲಾಸಿನಲ್ಲಿ ಕೂತರೆ ಕಣ್ಣು ತಾನಾಗೇ ಮುಚ್ಚುತ್ತದೆ. ಎದ್ದು ಹಿಂದೆ ಹೋಗಿ ನಿಂತುಕೊಂಡರೆ ನಿಂತಲ್ಲೇ ತೂಕಡಿಕೆ. ನನ್ನನ್ನು ಕೇಳಿದರೆ, ಕಷ್ಟ ಎಷ್ಟಾದರೂ ಕೊಡಲಿ, ಹುಡುಗರ ನಿದ್ದೆಗೆ ಮಾತ್ರ ಯಾರೂ ಕೈ ಹಾಕಬಾರದು.

ನಮ್ಮಲ್ಲಿ ಧಾರವಾಡದ ಒಬ್ಬ ಸೀನಿಯರ್ ಇದ್ದರು. ಸಾಲಿನಲ್ಲಿ ನಿಂತಾಗ ನನ್ನ ಕಡೆ ಒಂಚೂರೂ ಕರುಣೆ ಇಲ್ಲ, ಉಳಿದವರಿಗಿಂತ ನಾಲ್ಕು ಫ್ರಂಟ್ ರೋಲ್ ಜಾಸ್ತಿಯೇ. ಒಂದು ಸಂಜೆ ಕ್ಯಾಬಿನ್‌ಗೆ ಕರೆಸಿದರು. ನಾನು ಸಾವ್‌ಧಾನ್‌ನಲ್ಲಿ ನಿಂತೆ.

'ಉಂಡ್ಯೇನೋ?'

'ಉಂಡೆ, ಸರ್.'

'ಸುಳ್ಳ ಹೇಳಬ್ಯಾಡ. ತಗೋ, ಚಕ್ಕುಲಿ ಅದಾವು. ಇಲ್ಲೇ ತಿಂದ ಹೋಗು. ಹೊರಗ ಯಾರಿಗೂ ಹೇಳಬ್ಯಾಡ ಮತ್ತ.'

ಕನ್ನಡದಲ್ಲೂ ಅವರಿಗೆ ಸರ್ ಅಂತಲೇ ಅನ್ನಬೇಕು, ಅಣ್ಣಾ ಅನ್ನುವ ಹಾಗಿಲ್ಲ. ಬೂಟಿಗೆ ನೀರು ಪಾಲಿಶ್ ಮಾಡೋದನ್ನು ಕಲಿಸಿದ್ದೂ ಅವರೇ. ಮೊದಲು ಪಾಲಿಶ್ ತೆಳ್ಳಗೆ ಬಳಿದು ಒಣಗಲು ಬಿಡಬೇಕು. ಆಮೇಲೆ ಹತ್ತಿಯ ತುದಿಗೆ ಒಂದು ಹನಿ ನೀರು, ಚೂರೇ ಚೂರು ಪಾಲಿಶ್, ಸಣ್ಣ ಸಣ್ಣ ಸುತ್ತು. ಒತ್ತಬಾರದು. ಮೊದಲು ಮಸುಕಾಗುತ್ತದೆ, ಅಲ್ಲಿಗೇ ನಿಲ್ಲಿಸಿದರೆ ಕೆಟ್ಟಿತು. ಮತ್ತೆ ಮತ್ತೆ ಉಜ್ಜುತ್ತಾ ಹೋದರೆ ಬೂಟಿನ ಮೂತಿಯಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ.

ತಪ್ಪು ದೊಡ್ಡದಾದರೆ ಭಾನುವಾರ ಸಿಂಹಗಡ ಹೈಕ್. ಅಕಾಡೆಮಿಯಿಂದ ಎದುರಿಗೇ ಕಾಣುವ ಕೋಟೆ, ಶಿವಾಜಿಯ ಸರದಾರ ತಾನಾಜಿ 1670ರಲ್ಲಿ ಗೆದ್ದದ್ದು. ನೋಡೋಕೆ ಹತ್ತಿರ. ಪ್ಯಾಕ್ ಹೊತ್ತು ಹತ್ತೋಕೆ ಹೊರಟರೆ ಗೊತ್ತಾಗುತ್ತದೆ. ಇನ್ನು ನೊವಿಸಸ್ ಬಾಕ್ಸಿಂಗ್ ಇದೆ, ಹೊಸಬರಿಗೇ ಅಂತ. ಗ್ಲೌಸ್ ಮುಟ್ಟದವನೂ ರಿಂಗಿಗೆ ಇಳಿಯಬೇಕು. ನನಗೆ ಮೂಗಿನಿಂದ ರಕ್ತ ಬಂತು, ಇಡೀ ಸ್ಕ್ವಾಡ್ರನ್ ನನ್ನ ಹೆಸರು ಕೂಗಿತು. ಅದುವರೆಗೆ ಬೈಯುತ್ತಿದ್ದ ಸೀನಿಯರ್‌ಗಳೇ ಅವತ್ತು ಜಾಸ್ತಿ ಕೂಗಿದ್ದು.

ಡ್ರಿಲ್ ಟೆಸ್ಟ್ ಪಾಸಾಗುವವರೆಗೆ ಲಿಬರ್ಟಿ ಇಲ್ಲ, ಅಂದರೆ ಭಾನುವಾರ ಪುಣೆಗೆ ಹೋಗುವ ಹಾಗಿಲ್ಲ. ಉಸ್ತಾದ್ ಸೆಲ್ಯೂಟ್ ನೋಡುತ್ತಾರೆ, ತಿರುಗುವುದನ್ನು ನೋಡುತ್ತಾರೆ, ಬೂಟು ನೋಡುತ್ತಾರೆ. ಪಾಸಾದ ಮೇಲೆ ಕೋರ್ಸ್‌ಮೇಟ್‌ಗಳೆಲ್ಲ ಸೇರಿ ಮಫ್ತಿಯಲ್ಲಿ ಪೇಟೆಗೆ ಹೋದೆವು. ಮೊದಲು ಹೊಟ್ಟೆ ಬಿರಿಯುವಂತೆ ತಿಂದೆವು, ಆಮೇಲೆ ಒಂದು ಸಿನಿಮಾಕ್ಕೆ ಟಿಕೆಟ್ ತೆಗೆದೆವು. ಎಸಿ ಥಿಯೇಟರು, ಮೆತ್ತನೆ ಸೀಟು. ಟೈಟಲ್ ಮುಗಿಯುವ ಮೊದಲೇ ಇಡೀ ಸಾಲು ಗೊರಕೆ. ಬಿಹಾರದವನು ಮಾತ್ರ ಗಡಿಯಾರ ನೋಡಿಕೊಂಡು ಎಚ್ಚರವಾಗಿ ಕೂತಿದ್ದ. ವಾಪಸ್ ಹೋಗುವುದು ತಡವಾದರೆ ಮುಂದಿನ ಲಿಬರ್ಟಿಗೆ ಕತ್ತರಿ, ಅದಕ್ಕೆ ಸರದಿಯ ಮೇಲೆ ಒಬ್ಬ ಎಚ್ಚರ ಇರಬೇಕು ಅಂತ ಮೊದಲೇ ಮಾತಾಗಿತ್ತು.