ವೀಸಾ ಬಂತು, ಸರಿ. ಎಷ್ಟು ದಿನ ಇರಬಹುದು ಅಂತ ಓದಿದ್ರಾ?

ವಿದೇಶಕ್ಕೆ ಹೋಗುವವರು ಅರ್ಜಿ ತುಂಬುವಾಗ ತುಂಬಾ ಹುಷಾರಾಗಿರುತ್ತಾರೆ. ವೀಸಾ ಕೈಗೆ ಬಂದ ಮೇಲೆ ಅದನ್ನು ಸರಿಯಾಗಿ ಓದುವುದೇ ಇಲ್ಲ. ಕೊನೆಯ ದಿನಾಂಕ ನೋಡಿ, ಅಲ್ಲಿಯವರೆಗೆ ಇರಬಹುದು ಅಂದುಕೊಂಡು ವಾಪಸ್ ಟಿಕೆಟ್ ಮಾಡಿಸಿಬಿಡುತ್ತಾರೆ. ಚೆನ್ನಾಗಿ ಓದಿಕೊಂಡವರೂ ಹೀಗೆ ಓವರ್‌ಸ್ಟೇ ಆಗಿ (ಅಂದರೆ ಅವಧಿ ಮೀರಿ ಉಳಿದು) ಒದ್ದಾಡಿದ್ದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೀಸಾ ಯಾವುದು, ಪರ್ಮಿಟ್ ಯಾವುದು ನೋಡಿ. ವೀಸಾ ಇದ್ದರೆ ಗಡಿಯವರೆಗೆ ಹೋಗಿ ಒಳಗೆ ಬಿಡಿ ಅಂತ ಕೇಳಬಹುದು. ಒಳಗೆ ಬಿಡುವುದು, ಬಿಡದೇ ಇರುವುದು ಅಲ್ಲಿನ ಅಧಿಕಾರಿಗೆ ಬಿಟ್ಟಿದ್ದು. ಅಲ್ಲೇ ವಾಸ ಮಾಡುವುದಕ್ಕೆ ರೆಸಿಡೆನ್ಸ್ ಪರ್ಮಿಟ್ ಬೇಕು. ಯುರೋಪಿನ ಷೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಸ್ಟಿಕ್ಕರ್ ಮೇಲೆ 'ಸಿ' ಅಂತಿದ್ದರೆ ಅದು ಹೆಚ್ಚೆಂದರೆ 90 ದಿನದ ಭೇಟಿಗೆ. 'ಡಿ' ಅಂತಿದ್ದರೆ ದೀರ್ಘಾವಧಿಯದ್ದು. ಅದರಲ್ಲಿ ಹೋದವರು ಸಾಮಾನ್ಯವಾಗಿ ಅಲ್ಲಿಗೆ ಹೋದಮೇಲೆ ಪರ್ಮಿಟ್ ಕಾರ್ಡ್ ಮಾಡಿಸಿಕೊಳ್ಳಬೇಕು.

ಎರಡನೆಯದು, ದಿನಾಂಕ. ಎಡವುವುದೇ ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಷೆಂಗೆನ್ ಸ್ಟಿಕ್ಕರ್‌ನಲ್ಲಿ ಮೂರು ವಿಷಯ ಬೇರೆಬೇರೆಯಾಗಿ ಬರೆದಿರುತ್ತಾರೆ: ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ, ಎಷ್ಟು ಸಲ ಒಳಗೆ ಬರಬಹುದು, ಒಟ್ಟು ಎಷ್ಟು ದಿನ ಇರಬಹುದು. ಮೇ 1ರಿಂದ ಜೂನ್ 14ರವರೆಗೆ ಚಾಲ್ತಿ, ವಾಸ 30 ದಿನ ಅಂತಿದೆ ಅಂದುಕೊಳ್ಳಿ. ಆ 45 ದಿನಗಳ ಒಳಗೆ ಯಾವಾಗಲಾದರೂ ಹೋಗಬಹುದು, ಇರುವುದು ಮಾತ್ರ 30 ದಿನ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಜೂನ್ 5ಕ್ಕೆ ಇಳಿದರೆ 30 ದಿನ ಸಿಗುವುದಿಲ್ಲ, 14ಕ್ಕೇ ಹೊರಡಬೇಕು. ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆ.

ಇನ್ನು ಷೆಂಗೆನ್‌ನ 180 ದಿನಗಳಲ್ಲಿ 90 ದಿನ ಅನ್ನುವ ನಿಯಮ. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಅಂತ ಭಾಗ ಮಾಡಿ ಎಣಿಸುವವರಿದ್ದಾರೆ, ಅದು ಪೂರ್ತಿ ತಪ್ಪು. ನೀವು ಅಲ್ಲಿರುವ ಪ್ರತಿದಿನವೂ ಆ ದಿನವನ್ನೂ ಸೇರಿಸಿ ಹಿಂದಿನ 180 ದಿನ ಎಣಿಸಬೇಕು, ಅಷ್ಟರಲ್ಲಿ ಒಟ್ಟು 90 ದಾಟಿರಬಾರದು. ಮಲ್ಟಿಪಲ್ ಎಂಟ್ರಿ (ಹಲವು ಸಲ ಒಳಗೆ ಬರಬಹುದಾದ) ವೀಸಾದಲ್ಲಿ ಜನವರಿ 1ಕ್ಕೆ ಹೋಗಿ ಮಾರ್ಚ್ 31ಕ್ಕೆ ವಾಪಸ್ ಬಂದರೆ, ಅಧಿಕ ವರ್ಷ ಅಲ್ಲದಿದ್ದರೆ, ಸರಿಯಾಗಿ 90 ದಿನ ಖರ್ಚಾಯಿತು. ಮತ್ತೆ ಕಾಲಿಡಲು ಆಗುವುದು ಜೂನ್ 30ಕ್ಕೆ. ಪಕ್ಕದ ದೇಶಕ್ಕೆ ಒಂದು ದಿನ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಲೆಕ್ಕ ಹಾಕಲು ಯುರೋಪಿಯನ್ ಕಮಿಷನ್‌ನ ಸೈಟಿನಲ್ಲೇ ಉಚಿತ ಕ್ಯಾಲ್ಕುಲೇಟರ್ ಇದೆ, ಬೇರೆ ಆ್ಯಪ್ ಯಾಕೆ?

ಅಮೆರಿಕದ್ದು ಇನ್ನೊಂದು ಥರ. ಹತ್ತು ವರ್ಷದ ವಿಸಿಟರ್ ವೀಸಾ ಅಂದರೆ ಹತ್ತು ವರ್ಷದವರೆಗೆ ಹೋಗಿ ಬಾಗಿಲು ತಟ್ಟಬಹುದು ಅಂತ, ಅಷ್ಟೇ. ಪ್ರತಿ ಸಲ ಎಷ್ಟು ದಿನ ಇರಬಹುದು ಅನ್ನುವುದು ಐ-94 ಅನ್ನುವ, ಒಳಗೆ ಬಿಟ್ಟಾಗ ಮಾಡುವ ಸರ್ಕಾರಿ ದಾಖಲೆಯಲ್ಲಿರುತ್ತದೆ, ಸಾಮಾನ್ಯವಾಗಿ ಆರು ತಿಂಗಳು. ಕೆಲಸದ ವೀಸಾದವರಿಗೂ ಹೀಗೆಯೇ: ಪಾಸ್‌ಪೋರ್ಟ್‌ನಲ್ಲಿನ ಸ್ಟಾಂಪಿಂಗ್ (ಅಂಟಿಸಿದ ವೀಸಾ) ಅವಧಿ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದು, ಕೆಲಸದ ಷರತ್ತು ಪಾಲಿಸುತ್ತಿದ್ದರೆ ಅಲ್ಲಿರಬಹುದು. ದೇಶ ಬಿಟ್ಟು ವಾಪಸ್ ಬರುವಾಗ ಸಾಮಾನ್ಯವಾಗಿ ಹೊಸ ಸ್ಟಾಂಪಿಂಗ್ ಬೇಕು. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಅವಧಿಯನ್ನು ಅಲ್ಲಿಗೇ ಕತ್ತರಿಸಿಬಿಡಬಹುದು, ಹಾಗಾಗಿ ಪಾಸ್‌ಪೋರ್ಟ್ ಮೊದಲೇ ನವೀಕರಿಸಿಕೊಂಡು ಹೊರಡಿ. ಇಳಿದ ವಾರದಲ್ಲೇ ಸರ್ಕಾರಿ ಸೈಟಿನಿಂದ ಐ-94 ಡೌನ್‌ಲೋಡ್ ಮಾಡಿ ದಿನಾಂಕ ನೋಡಿಕೊಳ್ಳಿ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ನೀವು ಯಾವುದೋ ನಕಲಿ ಸೈಟಿನಲ್ಲಿದ್ದೀರಿ, ತಕ್ಷಣ ಮುಚ್ಚಿ.

ಮೂರನೆಯದು, ಡಿಪೆಂಡೆಂಟ್ ವೀಸಾ, ಅಂದರೆ ಗಂಡ ಅಥವಾ ಹೆಂಡತಿಯಂಥ ಕುಟುಂಬದವರ ವೀಸಾದ ಆಧಾರದ ಮೇಲೆ ಸಿಗುವಂಥದ್ದು. ಕೆಲಸ ಮಾಡಬಹುದಾ ಅಂತ ಬರವಣಿಗೆಯಲ್ಲಿ ನೋಡಿಯೇ ಹೊರಡಿ. ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ.

ನಾಲ್ಕನೆಯದು, ಪಿಆರ್, ಅಂದರೆ ಪರ್ಮನೆಂಟ್ ರೆಸಿಡೆನ್ಸಿ, ಕಾಯಂ ವಾಸದ ಹಕ್ಕು. ಪರ್ಮನೆಂಟ್ ಅಂತ ಹೆಸರಿದೆ ಅಂತ ನೆಮ್ಮದಿಯಾಗಿ ಊರೂರು ಸುತ್ತುವ ಹಾಗಿಲ್ಲ. ಕೆನಡಾದಲ್ಲಿ ಐದು ವರ್ಷಗಳ ಅವಧಿಯಲ್ಲಿ 730 ದಿನ ಅಲ್ಲಿದ್ದಿರಬೇಕು. ಕಾರ್ಡ್ ಮುಗಿದರೆ ಪಿಆರ್ ಹೋಗುವುದಿಲ್ಲ, ಆದರೆ ಹೊರಗಿದ್ದವರಿಗೆ ವಾಪಸ್ ವಿಮಾನ ಹತ್ತುವುದು ಕಷ್ಟ. ಆಸ್ಟ್ರೇಲಿಯಾದಲ್ಲಿ ವಾಸಕ್ಕೆ ಗಡುವಿಲ್ಲ, ಹೋಗಿ ಬರುವ ಸೌಲಭ್ಯಕ್ಕೆ ಇದೆ: ಸಾಮಾನ್ಯವಾಗಿ ಐದು ವರ್ಷ, ಆಮೇಲೆ ರೆಸಿಡೆಂಟ್ ರಿಟರ್ನ್ ವೀಸಾ ಬೇಕು. ಗ್ರೀನ್ ಕಾರ್ಡ್ (ಅಮೆರಿಕದ ಪಿಆರ್) ಇದ್ದು ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿರುವವರು ಅಮೆರಿಕ ಬಿಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು.

ಟ್ಯಾಕ್ಸ್ ರೆಸಿಡೆಂಟ್ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಲಸಬೇಡಿ. ಬಹಳ ದೇಶಗಳಲ್ಲಿ 183 ದಿನ ಇದ್ದರೆ ನಿಮ್ಮ ವೀಸಾ ಯಾವುದೇ ಇರಲಿ, ತೆರಿಗೆ ಇಲಾಖೆ ನಿಮ್ಮನ್ನು ತನ್ನವರು ಅಂದುಕೊಳ್ಳುತ್ತದೆ.

ಕೊನೆಯದಾಗಿ, ಹೋದ ದಿನ ಬಂದ ದಿನ ಬರೆದಿಡಿ, ಬೋರ್ಡಿಂಗ್ ಪಾಸ್‌ಗಳ ಫೋಟೋ ತೆಗೆದಿಡಿ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟ್ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆ ಹಂತಹಂತವಾಗಿ ಬಂದಿದೆ, ಮುದ್ರೆ ನೋಡಿ ನೆನಪಿಸಿಕೊಳ್ಳುವುದು ಇನ್ನು ಆಗುವುದಿಲ್ಲ. ಮುಂದೆ ಕೆನಡಾ ಅಥವಾ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದರೆ ಹಿಂದಿನ ಐದು ವರ್ಷಗಳ ಪ್ರಯಾಣದ ದಿನಾಂಕಗಳನ್ನು ಕೇಳುತ್ತಾರೆ.