ಕೊನೆಗೂ ಪಿಆರ್‌ಎಫ್ ನನ್ನ ಮಾತು ಕೇಳಿತು

'ರಕ್ತ ತಿರುಗಿಸಿ ಮೂಳೆ ಬೆಳೆಸ್ತೀರಾ?' ಎಂದು ಜೊತೆಯ ಹಲ್ಲಿನ ಡಾಕ್ಟರುಗಳು ನಗುತ್ತಿದ್ದರು. ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್) ಅಂದರೆ ರೋಗಿಯದೇ ರಕ್ತ ತಿರುಗಿಸಿ ತೆಗೆದ ಹೆಪ್ಪು; ಹಲ್ಲಿನ ಸುತ್ತ ಕರಗಿದ ಮೂಳೆ ಮತ್ತೆ ಬೆಳೆಯಲಿ ಅಂತ ಅಲ್ಲಿ ಇಡುತ್ತೇವೆ. ಮೊದಲ ವರ್ಷ ಅವರು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ ಬಿಡಿ. ಹದಿನೈದು ಕೇಸಿನಲ್ಲಿ ಆರೇಳು ಕೈಕೊಟ್ಟವು. ಈಗ ಅವರೇ ಫೋನ್ ಮಾಡಿ ಎಷ್ಟು ನಿಮಿಷ ತಿರುಗಿಸಬೇಕು ಅಂತ ಕೇಳುತ್ತಾರೆ.

ಮೊದಲು ಮುಳುಗಿಸಿದ್ದು ಸೆಂಟ್ರಿಫ್ಯೂಜ್, ಅಂದರೆ ರಕ್ತದ ಟ್ಯೂಬು ತಿರುಗಿಸುವ ಯಂತ್ರ. ದುಡ್ಡು ಉಳಿಯಲಿ ಅಂತ ಲ್ಯಾಬಿನವರು ಮಾರುತ್ತಿದ್ದ ಹಳೇದನ್ನು ತಂದೆ. ಎಲ್ಲರೂ ಹೇಳುವ ಹಾಗೆ 2700 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), 12 ನಿಮಿಷ. ಆದರೆ ನನ್ನ ರೋಟರ್, ಅಂದರೆ ಟ್ಯೂಬು ಹಿಡಿದು ತಿರುಗುವ ಚಕ್ರ, ದೊಡ್ಡದು. 8 ಸೆಂ.ಮೀ. ರೇಡಿಯಸ್‌ನಲ್ಲಿ ಸುಮಾರು 650 ಜಿ (ಗುರುತ್ವದ 650 ಪಟ್ಟು ಬಲ) ಬರುವ ವೇಗವೇ 11 ಸೆಂ.ಮೀ.ನಲ್ಲಿ 900ರ ಹತ್ತಿರ ಹೋಗುತ್ತದೆ. ಕಣಗಳೆಲ್ಲ ಕೆಳಗೆ ಕೂತು, ಮೇಲೆ ಉಳಿದದ್ದು ಬರೀ ಫೈಬ್ರಿನ್, ಹೆಪ್ಪಿನ ನಾರು. ಇಷ್ಟು ಸಣ್ಣ ಲೆಕ್ಕ ಹಾಕಲು ನನಗೆ ಎಂಟು ತಿಂಗಳು ಬೇಕಾಯಿತು. ಅಷ್ಟರಲ್ಲಿ ಎರಡು ಕೇಸು ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು.

ಆಮೇಲೆ ಟ್ಯೂಬು. ಈ ವಿಧಾನ ತಂದ ಫ್ರೆಂಚ್ ಡಾಕ್ಟರು ಶುಕ್ರೂನ್ 2001ರಲ್ಲಿ ಶುರು ಮಾಡಿದ್ದೇ ಏನನ್ನೂ ಬೆರೆಸದ ರಕ್ತದಿಂದ. ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಇಲ್ಲ ಅಂದಮೇಲೆ ಗಡಿಯಾರದ ಜೊತೆ ಓಡಲೇಬೇಕು. ನಾವು ನಾಲ್ಕು ಟ್ಯೂಬು ತುಂಬಿಸಿ, ಮಾತಾಡಿಕೊಂಡು, ಮೂರು ನಿಮಿಷಕ್ಕೆ ಯಂತ್ರದೊಳಗೆ ಇಡುತ್ತಿದ್ದೆವು. ಒಳಗೆ ಹೆಪ್ಪು ಚೂರುಚೂರು. ಈಗ ರಕ್ತ ತೆಗೆಯುವುದು ಒಬ್ಬರು, ಟ್ಯೂಬು ಇಡುವುದು ಇನ್ನೊಬ್ಬರು. ಒಂದೂವರೆ ನಿಮಿಷ ದಾಟುವುದಿಲ್ಲ. ಹೆಪ್ಪು ಬೇಕಾದರೆ ಗಾಜಿನ ಟ್ಯೂಬು, ದ್ರವವಾಗಿಯೇ ಬೇಕಾದರೆ ಬರೀ ಪ್ಲಾಸ್ಟಿಕ್. ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ.

ಹೆಪ್ಪನ್ನು ಕತ್ತರಿಸುವಾಗ ಕೆಂಪು ಭಾಗವನ್ನು ಪೂರ್ತಿ ಕೆರೆದು ಹಾಕುತ್ತಿದ್ದೆ, ನೋಡಲು ಚೆಂದ ಅಂತ! ಆ ಗಡಿಯಲ್ಲೇ ತಾನೇ ಪ್ಲೇಟ್‌ಲೆಟ್ಟು, ಬಿಳಿ ಕಣ ಜಾಸ್ತಿ ಇರುವುದು? ಈಗ ಎರಡು ಮಿ.ಮೀ. ಕೆಂಪು ಬಿಡುತ್ತೇನೆ.

ಗೆದ್ದದ್ದು ಕೆಳದವಡೆಯ ಹಿಂದಿನ ಹಲ್ಲಿನಲ್ಲಿ. ಪಾಕೆಟ್ (ಹಲ್ಲಿಗೂ ಒಸಡಿಗೂ ನಡುವಿನ ಸಂದು) ಸುಮಾರು 9 ಮಿ.ಮೀ. ಆಳ, ಮೂರು ಕಡೆ ಮೂಳೆಯ ಗೋಡೆ ಉಳಿದ ಗುಂಡಿ. ಅಂಥ ಗುಂಡಿ ಸಿಕ್ಕಿದ್ದೇ ಅರ್ಧ ಅದೃಷ್ಟ, ಒಪ್ಪುತ್ತೇನೆ. ದ್ರವ ಪಿಆರ್‌ಎಫ್‌ನಲ್ಲಿ ಮೂಳೆಪುಡಿ ಕಲಸಿ ಅಂಟಾಗಿಸಿ ತುಂಬಿದೆ, ಮೇಲೆ ಎರಡು ಪದರ ಮೆಂಬ್ರೇನ್, ಅಂದರೆ ಒತ್ತಿ ಹಾಳೆಯಾಗಿಸಿದ ಹೆಪ್ಪು. ಒಂಬತ್ತು ತಿಂಗಳಿಗೆ ಪಾಕೆಟ್ ಅಳೆಯುವ ಕಡ್ಡಿ (ಪ್ರೋಬ್) 4 ಮಿ.ಮೀ.ಗೆ ನಿಂತಿತು. ಎಕ್ಸ್‌ರೇಯಲ್ಲೂ ಗುಂಡಿ ಮುಕ್ಕಾಲು ತುಂಬಿತ್ತು. ಪುಡಿಗೆ ದ್ರವ ಎಷ್ಟು, ಯಾವ ಕ್ಷಣದಲ್ಲಿ ಬೆರೆಸಬೇಕು ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಎರಡು ವರ್ಷ ಕೆಡಿಸಿಕೊಂಡು ಕಲಿತದ್ದು ಅಲ್ವಾ.

ಕೊಂಡು ತರುವ ಒಂದು ಕೊಲಾಜನ್ ಮೆಂಬ್ರೇನಿನ ದುಡ್ಡಿಗೆ ಟ್ಯೂಬು ಡಬ್ಬಿಗಟ್ಟಲೆ ಬರುತ್ತದೆ, ನಿಜ. ಹಾಗಂತ ಎಲ್ಲ ಕಡೆ ಕೊಲಾಜನ್ ಬಿಡಲು ಹೋಗಬೇಡಿ. ನಮ್ಮ ಮೆಂಬ್ರೇನ್ ಎರಡು ವಾರಕ್ಕೆ ಕರಗುತ್ತದೆ. ಮೂಳೆಯ ಹೊರಗೋಡೆಯೇ ಇಲ್ಲದ ಕಡೆ ಅದೊಂದನ್ನೇ ನಂಬಿ ನಾನು ಒಮ್ಮೆ ಚೆನ್ನಾಗಿ ಸೋತಿದ್ದೇನೆ.

ಆ ಸೋಲಿನಿಂದಲೇ ಇನ್ನೊಂದು ಹುಚ್ಚು ಹತ್ತಿತು. ತಿರುಗಿಸಿದ ರಕ್ತದಲ್ಲಿ ಮೇಲೆ ನಿಲ್ಲುವ ಹಳದಿ ದ್ರವವನ್ನು (ಪ್ಲಾಸ್ಮಾ) 75 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಆರಿಸಿ, ದ್ರವ ಪಿಆರ್‌ಎಫ್ ಬೆರೆಸಿದರೆ ಬರುವ ಜೆಲ್ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೊದಲ ಸಲ ಬೆಂದ ಮೊಟ್ಟೆಯ ಬಿಳಿ ಥರ ಗಟ್ಟಿಯಾಗಿ ಸಿರಿಂಜಿನಿಂದ ಹೊರಗೇ ಬರಲಿಲ್ಲ. ಮೂರನೇ ಸಲ ಬಂತು. ಎರಡು ಕೇಸಿಗೆ ಹಾಕಿದ್ದೇನೆ, ಹೊಲಿಗೆ ಬಿಚ್ಚಿ ಆರು ವಾರ ಆಯಿತು ಅಷ್ಟೆ.